ಹಿಮವಿಲ್ಲದ ತೀರದಲ್ಲಿ ಹಿಮದ ವಿದ್ಯೆ

ಉಪಕರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದ ಮಹನೀಯರ ಹೆಸರುಗಳನ್ನು ಹೇಳಿ, ಕಂಡುಹಿಡಿದ ವರ್ಷವನ್ನು ನಮೂದಿಸಿ, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವರು. ಆದರೆ ಮನುಷ್ಯನ ಪ್ರಾಣವನ್ನೇ ಹೊಣೆಯಾಗಿ ಹೊರುವ ಉಪಕರಣವೊಂದು ನಂಬಿಕೆಗೆ ಅರ್ಹವಾಗಬೇಕಾದರೆ, ಅದನ್ನು ಧರಿಸಿ ಅಪಾಯದ ಎಡೆಗೆ ಹೋದವರು ಅದರ ದೋಷಗಳನ್ನು ಒಂದೊಂದಾಗಿ ಕಂಡು, ಬರೆದಿಟ್ಟು, ಮುಂದಿನವರಿಗೆ ಕಲಿಸುತ್ತ ಬಂದ ದೀರ್ಘವಾದ ಕಾಲವೊಂದು ಅದರ ಹಿಂದೆ ಇರಲೇಬೇಕು. ನೀರಿನಡಿಯಲ್ಲಿ ಉಸಿರಾಡಲು ನೆರವಾಗುವ ಸ್ಕೂಬಾ ರೆಗ್ಯುಲೇಟರಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸತ್ಯ. ಹೆಪ್ಪುಗಟ್ಟಿದ ಸರೋವರದ ಅಥವಾ ಧ್ರುವಸಮುದ್ರದ ಹಿಮದ ಹಾಸಿನ ಕೆಳಗೆ ಇಳಿಯುವವನು ಎಂತಹ ರೆಗ್ಯುಲೇಟರನ್ನು ಆರಿಸಿಕೊಳ್ಳಬೇಕೆಂಬ ವಿವೇಕದ ಗಣನೀಯವಾದ ಭಾಗವೊಂದು ರೂಪುಗೊಂಡದ್ದು ಕಡಲು ಎಂದೂ ಹೆಪ್ಪುಗಟ್ಟದ, ವರ್ಷದ ಬಹುಕಾಲ ಬಿಸಿಲು ಬೆಳಗುವ ದಕ್ಷಿಣ ಕ್ಯಾಲಿಫೋರ್ನಿಯಾದ ಎರಡು ನಗರಗಳಲ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊಗಳಲ್ಲಿ, ಎಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ ಆ ತೀರದ ಇತಿಹಾಸವನ್ನು ಅವಲೋಕಿಸಿದವರಿಗೆ ಸಹಜವೆಂದೇ ತೋರುವುದು.

ಮೊದಲು ಆ ಕಡಲಿನ ಸ್ವಭಾವವನ್ನು ತಿಳಿಯಬೇಕು. ನಮ್ಮ ಕಾರವಾರ, ಮುರುಡೇಶ್ವರ, ಮಲ್ಪೆಗಳ ಕಡಲನ್ನು ಬಲ್ಲವರಿಗೆ ಕಡಲ ನೀರೆಂದರೆ ಬೆಚ್ಚಗಿನ ನೀರು. ನೇತ್ರಾಣಿ ದ್ವೀಪದ ಬಳಿ ಮುಳುಗುವವರು ತೆಳುವಾದ ಉಡುಪಿನಲ್ಲಿಯೇ ಬಹಳ ಹೊತ್ತು ನಿಶ್ಚಿಂತರಾಗಿ ಇರಬಲ್ಲರು. ಸ್ಯಾನ್ ಡಿಯೇಗೊವಿನ ಪೆಸಿಫಿಕ್ ಹಾಗಲ್ಲ. ಉತ್ತರದಿಂದ ತೀರದ ಗುಂಟ ಇಳಿದುಬರುವ ಕ್ಯಾಲಿಫೋರ್ನಿಯಾ ಪ್ರವಾಹವೂ, ವಸಂತಕಾಲದ ಗಾಳಿಯಿಂದಾಗಿ ಆಳದಿಂದ ಮೇಲಕ್ಕೇರುವ ಶೀತಜಲವೂ ಕೂಡಿ, ಮೇಲೆ ಬಿಸಿಲು ಎಷ್ಟೇ ಪ್ರಖರವಾಗಿರಲಿ, ನೀರನ್ನು ತಣ್ಣಗೇ ಇರಿಸುತ್ತವೆ. ಚಳಿಗಾಲದಲ್ಲಿ ಮೇಲ್ಮೈ ನೀರಿನ ಉಷ್ಣತೆ ಸುಮಾರು 13ರಿಂದ 15 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಅದು 20 ಡಿಗ್ರಿಯನ್ನು ದಾಟಿದರೂ, ಕೆಲವು ಮಾರು ಕೆಳಗಿಳಿದೊಡನೆ 10, 12 ಡಿಗ್ರಿಯ ನೀರು ಮೈಯನ್ನು ತಾಗುವುದು. ಈ ಶೀತಲತೆಯೇ ಅಲ್ಲಿನ ಸಂಪತ್ತಿಗೂ ಕಾರಣ. ಅನುಕೂಲಕಾಲದಲ್ಲಿ ದಿನಕ್ಕೆ ಎರಡು ಅಡಿಯಷ್ಟು ಬೆಳೆಯಬಲ್ಲ ಕೆಲ್ಪ್ ಎಂಬ ಮಹಾಪಾಚಿಯು ಲಾ ಹೋಯಾ ಮತ್ತು ಪಾಯಿಂಟ್ ಲೋಮಗಳ ಮುಂದೆ ಅರಣ್ಯದಂತೆ ನಿಂತಿರುವುದೂ, ಆ ಅರಣ್ಯದಲ್ಲಿ ಮೀನು, ಸೀಗಡಿ, ಅಬಲೋನಿ ಎಂಬ ದೊಡ್ಡ ಚಿಪ್ಪಿನ ಜೀವಿ, ಇವೆಲ್ಲ ಹೇರಳವಾಗಿ ಬಾಳಿದ್ದೂ ಆ ತಣ್ಣೀರಿನ ದೆಸೆಯಿಂದಲೇ. ಸಂಪತ್ತು ಮನುಷ್ಯರನ್ನು ನೀರಿಗೆ ಕರೆಯಿತು; ಶೈತ್ಯವು ಅವರನ್ನು ಹೊರಕ್ಕೆ ಅಟ್ಟಿತು. ಈ ಎರಡರ ನಡುವಣ ಹೋರಾಟವೇ ಆ ತೀರದ ಮುಳುಗುವಿದ್ಯೆಯ ಪೂರ್ವಚರಿತ್ರೆ.

1933ರಲ್ಲಿ ಸ್ಯಾನ್ ಡಿಯೇಗೊವಿನಲ್ಲಿ ಜ್ಯಾಕ್ ಪ್ರೊಡಾನೊವಿಚ್, ಗ್ಲೆನ್ ಆರ್, ಬೆನ್ ಸ್ಟೋನ್ ಎಂಬ ಮೂವರು ಮಿತ್ರರು 'ಬಾಟಮ್ ಸ್ಕ್ರ್ಯಾಚರ್ಸ್' ಎಂಬ ಸಂಘವನ್ನು ಕಟ್ಟಿದರು. ಅಮೆರಿಕದ ಮುಳುಗುಗಾರರ ಸಂಘಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಆಗ ಅವರ ಬಳಿ ಸಿಲಿಂಡರು ಇರಲಿಲ್ಲ, ರೆಗ್ಯುಲೇಟರು ಇರಲಿಲ್ಲ, ಮೈಯನ್ನು ಬೆಚ್ಚಗಿಡುವ ಉಡುಪೂ ಇರಲಿಲ್ಲ. ಮುಖದ ಕನ್ನಡಿಯನ್ನೂ ಭಲ್ಲೆಯನ್ನೂ ಅವರು ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದರು. ಸಂಘಕ್ಕೆ ಸೇರಬೇಕೆಂದವನು 30 ಅಡಿ ಆಳದಿಂದ ಒಂದೇ ಉಸಿರಿನಲ್ಲಿ ಮೂರು ಅಬಲೋನಿಗಳನ್ನು ಕಿತ್ತು ತರಬೇಕೆಂದೂ, ಪುಟ್ಟ ಶಾರ್ಕ್ ಮೀನೊಂದನ್ನು ಬರಿಗೈಯಲ್ಲಿ ಹಿಡಿದು ತರಬೇಕೆಂದೂ ನಿಯಮವಿತ್ತು. ಈ ಕಾಲದವರಿಗೆ ಇದು ಸಾಹಸಪ್ರದರ್ಶನವೆಂದು ತೋರಬಹುದು. ಆದರೆ ನೀರಿನಲ್ಲಿ ಗಾಬರಿಗೊಳ್ಳದ ಮನಸ್ಸು ಎಲ್ಲ ಉಪಕರಣಗಳಿಗಿಂತ ಮೊದಲು ಬೇಕಾದದ್ದೆಂಬ ಅರಿವು ಆ ನಿಯಮದ ಒಡಲಿನಲ್ಲಿತ್ತು. ಆ ಅರಿವು ಮುಂದೆ ಯಂತ್ರಗಳ ಕಾಲದಲ್ಲಿಯೂ ಆ ನಗರವನ್ನು ಬಿಟ್ಟುಹೋಗಲಿಲ್ಲ.

ಯಂತ್ರವು ಬಂದದ್ದು ಫ್ರಾನ್ಸಿನಿಂದ. ಬೆನುವಾ ರೂಕೈರೋಲ್ ಮತ್ತು ಒಗುಸ್ತ್ ದೆನೆರೂಜ್ ಎಂಬಿಬ್ಬರು 1860ರ ದಶಕದಲ್ಲಿಯೇ, ಉಸಿರೆಳೆದಾಗ ಮಾತ್ರ ಗಾಳಿಯನ್ನು ಕೊಡುವ ಕವಾಟವೊಂದನ್ನು ರಚಿಸಿದ್ದರು. ಆದರೆ ಹೆಚ್ಚಿನ ಒತ್ತಡದ ಗಾಳಿಯನ್ನು ಸುರಕ್ಷಿತವಾಗಿ ತುಂಬಿಡಬಲ್ಲ ಸಿಲಿಂಡರುಗಳು ಆ ಕಾಲದಲ್ಲಿ ಇಲ್ಲದುದರಿಂದ ಅವರ ಯೋಚನೆ ಪೂರ್ಣಫಲವನ್ನು ಕಾಣಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, ನೌಕಾದಳದ ಅಧಿಕಾರಿಯಾದ ಜ್ಯಾಕ್ ಈವ್ ಕುಸ್ತೋ ಮತ್ತು ಏರ್ ಲಿಕ್ವಿಡ್ ಸಂಸ್ಥೆಯ ಎಂಜಿನಿಯರಾದ ಎಮೀಲ್ ಗಾನ್ಯಾನ್ ಒಂದುಗೂಡಿ, ಮೋಟಾರು ವಾಹನಗಳಿಗೆ ಅನಿಲವನ್ನು ಒದಗಿಸಲು ಬಳಸುತ್ತಿದ್ದ ಕವಾಟವನ್ನು ಮಾರ್ಪಡಿಸಿ, 1943ರಲ್ಲಿ ಅಕ್ವಾಲಂಗ್ ಎಂಬ ಸಾಧನವನ್ನು ನೀರಿನಲ್ಲಿ ಪರೀಕ್ಷಿಸಿದರು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ, ಅದರ ಕೊರಳಿನಲ್ಲಿ ಕವಾಟದ ಪೆಟ್ಟಿಗೆ, ಅಲ್ಲಿಂದ ಬಾಯಿಗೆ ಬರುವ ಕೊಳವೆ ಒಂದು, ಬಿಟ್ಟ ಉಸಿರನ್ನು ಪೆಟ್ಟಿಗೆಯ ಕಡೆಗೆ ಒಯ್ಯುವ ಕೊಳವೆ ಇನ್ನೊಂದು: ಇದೇ ಎರಡು ಕೊಳವೆಯ ರೆಗ್ಯುಲೇಟರು.

ಯುದ್ಧವು ಮುಗಿದ ಅನತಿಕಾಲದಲ್ಲಿ ಈ ಸಾಧನವು ಲಾಸ್ ಏಂಜಲೀಸಿಗೆ ಬಂದಿತು. ವೆಸ್ಟ್‌ವುಡ್ ಬಡಾವಣೆಯಲ್ಲಿ ಕ್ರೀಡಾಸಾಮಗ್ರಿಯ ಅಂಗಡಿ ನಡೆಸುತ್ತಿದ್ದ ರೆನೆ ಬುಸ್ಸೋ ಎಂಬ ಫ್ರೆಂಚ್ ಮೂಲದ ವ್ಯಾಪಾರಿ 1940ರ ದಶಕದ ಕೊನೆಯ ಹೊತ್ತಿಗೆ ಅಕ್ವಾಲಂಗುಗಳನ್ನು ತರಿಸಿ ಮಾರತೊಡಗಿದ; ಆ ಅಂಗಡಿಯೇ ಬೆಳೆದು ಯು. ಎಸ್. ಡೈವರ್ಸ್ ಎಂಬ ಪ್ರಸಿದ್ಧ ಸಂಸ್ಥೆಯಾಯಿತು. ಅಂಗಡಿಯು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಆವರಣದ ನೆರೆಯಲ್ಲಿಯೇ ಇದ್ದುದು ಚರಿತ್ರೆಯ ಒಂದು ಸುಯೋಗ. ಅಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದ ಕಾನ್ರಾಡ್ ಲಿಂಬಾ ಮತ್ತು ಆಂಡ್ರಿಯಾಸ್ ರೆಕ್ನಿಟ್ಸರ್ ಎಂಬ ಇಬ್ಬರು ಯುವಕರು ಇದನ್ನು ಕಂಡು, ಮೀನನ್ನು ಬಲೆಯಿಂದ ಎಳೆದು ಸತ್ತ ಮೇಲೆ ನೋಡುವುದಕ್ಕಿಂತ ಅದರ ಮನೆಗೇ ಹೋಗಿ ಬದುಕಿನಲ್ಲಿ ನೋಡುವುದು ಲೇಸೆಂದು ನಿಶ್ಚಯಿಸಿದರು. ಮಾರುವವನು ಸಾಧನವನ್ನು ಕೊಟ್ಟನೇ ಹೊರತು ವಿದ್ಯೆಯನ್ನು ಕೊಡುವ ಸ್ಥಿತಿಯಲ್ಲಿರಲಿಲ್ಲ; ಅಮೆರಿಕದಲ್ಲಿ ಆ ವಿದ್ಯೆಯ ಪಾಠಶಾಲೆಯೇ ಆಗಿನ್ನೂ ಇರಲಿಲ್ಲ. ಅವರು ತಾವೇ ಕಲಿತರು, ಕಲಿತುದನ್ನು ಕ್ರಮಪಡಿಸಿದರು.

ಇಬ್ಬರೂ 1950ರ ವೇಳೆಗೆ ಸ್ಯಾನ್ ಡಿಯೇಗೊವಿನ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಗೆ ಬಂದರು. 1903ರಲ್ಲಿ ಸಣ್ಣ ಸಾಗರಜೀವಿಶಾಲೆಯಾಗಿ ಆರಂಭವಾಗಿ, 1912ರಲ್ಲಿ ವಿಶ್ವವಿದ್ಯಾನಿಲಯದ ಅಂಗವಾದ ಈ ಸಂಸ್ಥೆಯ ಬಾಗಿಲಿನಲ್ಲಿಯೇ ಆಳವಾದ ಕಡಲಕಣಿವೆಗಳಿವೆ. ದಡದಿಂದ ಸ್ವಲ್ಪ ದೂರ ಈಜಿದರೆ ನೆಲವು ಕಡಿದಾಗಿ ಇಳಿದು ಕತ್ತಲೆಯೂ ಶೈತ್ಯವೂ ಆರಂಭವಾಗುವುವು. ಅಂತಹ ಎಡೆಯಲ್ಲಿ ವಿದ್ಯಾರ್ಥಿಗಳನ್ನು ನೀರಿಗಿಳಿಸಬೇಕಾದಾಗ ಲಿಂಬಾ, ದೇಹದಾರ್ಢ್ಯದ ಪರೀಕ್ಷೆ, ಈಜಿನ ಪರೀಕ್ಷೆ, ಒತ್ತಡದ ಭೌತವಿಜ್ಞಾನ, ಉಪಕರಣದ ರಚನೆ, ಜೊತೆಗಾರನೊಡನೆ ಮುಳುಗುವ ನಿಯಮ, ಇವೆಲ್ಲವನ್ನೊಳಗೊಂಡ ಶಿಕ್ಷಣಕ್ರಮವನ್ನು ಏರ್ಪಡಿಸಿದರು. ಅಮೆರಿಕದ ವಿಶ್ವವಿದ್ಯಾನಿಲಯಗಳ ವೈಜ್ಞಾನಿಕ ಮುಳುಗಿನ ನಿಯಮಾವಳಿಗೆ ಇದೇ ಮೂಲ. 1954ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಉದ್ಯಾನ ಮತ್ತು ಮನೋಲ್ಲಾಸ ಇಲಾಖೆಯವರು, ತಮ್ಮ ತೀರಗಳಲ್ಲಿ ಅಶಿಕ್ಷಿತರಾದ ಜನರು ಈ ಸಾಧನವನ್ನು ಕೊಂಡು ನೀರಿಗೆ ಧುಮುಕುತ್ತಿರುವುದನ್ನು ಕಂಡು ಚಿಂತಿತರಾಗಿ, ಆಲ್ ಟಿಲ್‌ಮನ್ ಮತ್ತು ಬೆವ್ ಮಾರ್ಗನ್ ಮುಂತಾದವರನ್ನು ಲಿಂಬಾ ಅವರ ಬಳಿಗೆ ಕಳುಹಿಸಿದರು. ಅವರು ಹಿಂತಿರುಗಿ ಸಾರ್ವಜನಿಕರಿಗಾಗಿ ಬೋಧಕರನ್ನು ತಯಾರುಮಾಡುವ ಶಿಬಿರಗಳನ್ನು ನಡೆಸಿದರು. 1960ರಲ್ಲಿ ಸ್ಥಾಪಿತವಾದ ಬೋಧಕರ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಟಿಲ್‌ಮನ್ ಒಬ್ಬರು. ವಿದ್ಯೆಯು ಸ್ಯಾನ್ ಡಿಯೇಗೊವಿನಿಂದ ಲಾಸ್ ಏಂಜಲೀಸಿಗೆ, ಅಲ್ಲಿಂದ ದೇಶಕ್ಕೆ ಹರಡಿದ ಮಾರ್ಗ ಇದು.

ಏತನ್ಮಧ್ಯೆ ಶೈತ್ಯದ ಪ್ರಶ್ನೆಗೆ ಒಂದು ಅರ್ಧ ಉತ್ತರ ದೊರೆಯಿತು. ಬರ್ಕ್‌ಲಿಯ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ 1950ರ ದಶಕದ ಆರಂಭದಲ್ಲಿ, ಸೂಕ್ಷ್ಮವಾದ ಗಾಳಿಗುಳ್ಳೆಗಳುಳ್ಳ ನಿಯೊಪ್ರೀನ್ ರಬ್ಬರಿನ ಉಡುಪು ಒದ್ದೆಯಾದರೂ ಮೈಯನ್ನು ಬೆಚ್ಚಗಿಡಬಲ್ಲುದೆಂದು ತೋರಿಸಿದರು. ಅವರು ಮುಂದೆ ಸ್ಕ್ರಿಪ್ಸ್ ಸಂಸ್ಥೆಗೇ ಬಂದು ಸೇರಿದರು. ಲಾಸ್ ಏಂಜಲೀಸ್ ಕೌಂಟಿಯ ರೆಡಾಂಡೊ ಬೀಚಿನಲ್ಲಿ ಬೆವ್ ಮಾರ್ಗನ್ ಮತ್ತು ಮೈಸ್ಟ್ರೆಲ್ ಸೋದರರ ಅಂಗಡಿಯು ಅಂತಹ ಉಡುಪುಗಳನ್ನು ಜನಸಾಮಾನ್ಯರಿಗೆ ಹೊಲಿದು ಮಾರಿತು. ಮನುಷ್ಯನ ಮೈಗೆ ರಕ್ಷಣೆ ದೊರೆಯಲಾಗಿ ಅವನು ಇನ್ನೂ ತಣ್ಣಗಿನ ನೀರಿಗೆ, ಇನ್ನೂ ಹೆಚ್ಚು ಹೊತ್ತು, ಇನ್ನೂ ಆಳಕ್ಕೆ ಹೋದನು. ಆಗ ಉಪಕರಣವೇ ಚಳಿಗೆ ಸೋಲತೊಡಗಿತು.

ಅದು ಸೋಲುವ ಬಗೆಯನ್ನು ಇಲ್ಲಿ ಸಮೀಪದಿಂದ ನೋಡುವುದು ಆವಶ್ಯಕ, ಏಕೆಂದರೆ ಆಯ್ಕೆಯ ವಿವೇಕವೆಲ್ಲವೂ ಇದನ್ನು ಅವಲಂಬಿಸಿದೆ. ತುಂಬಿದ ಸಿಲಿಂಡರಿನಲ್ಲಿ ಗಾಳಿಯ ಒತ್ತಡವು ವಾತಾವರಣದ ಒತ್ತಡದ ಸುಮಾರು 200 ಮಡಿ. ಸಿಲಿಂಡರಿನ ಕೊರಳಿಗೆ ಕಚ್ಚಿಕೊಂಡಿರುವ ಮೊದಲ ಹಂತದ ಕವಾಟವು ಇದನ್ನು ಸುತ್ತಣ ನೀರಿನ ಒತ್ತಡಕ್ಕಿಂತ, ವಾತಾವರಣದ ಒತ್ತಡದ ಸುಮಾರು ಹತ್ತು ಮಡಿಯಷ್ಟು ಮಾತ್ರ ಹೆಚ್ಚಿರುವಂತೆ ಇಳಿಸುವುದು. ಬಾಯಿಯಲ್ಲಿರುವ ಎರಡನೆಯ ಹಂತವು ಅದನ್ನು ಮತ್ತೆ ಇಳಿಸಿ ಉಸಿರಿಗೆ ಹೊಂದಿಸುವುದು. ಗಾಳಿಯು ಹಠಾತ್ತಾಗಿ ಹಿಗ್ಗಿದಾಗ ತಂಪಾಗುವುದು ನಿಸರ್ಗನಿಯಮ; ಸೈಕಲ್ಲಿನ ಚಕ್ರದಿಂದ ಗಾಳಿಯನ್ನು ಬಿಡುವಾಗ ಅದು ಬೆರಳಿಗೆ ತಣ್ಣಗೆ ತಾಗುವುದನ್ನು ಯಾರೂ ಬಲ್ಲರು. ಒತ್ತಡದ ಇಳಿತವು 200 ಮಡಿಯಿಂದ ಆರಂಭವಾಗುವಾಗ, ಕವಾಟದಿಂದ ಹೊರಡುವ ಗಾಳಿಯ ಉಷ್ಣತೆ ಸೊನ್ನೆಗಿಂತ ಬಹಳ ಕೆಳಕ್ಕೆ ಇಳಿಯಬಲ್ಲುದು. ಸಾಧಾರಣವಾದ ನೀರಿನಲ್ಲಿ ಸುತ್ತಣ ನೀರೇ ಲೋಹಕ್ಕೆ ಕಾವನ್ನು ಕೊಟ್ಟು ಈ ನಷ್ಟವನ್ನು ತುಂಬುವುದು. ಆದರೆ ನೀರು 4 ಡಿಗ್ರಿಯೋ ಸೊನ್ನೆಯೋ ಆಗಿದ್ದರೆ, ಅಥವಾ ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುವ ಕಡಲ ನೀರು ಆ ಎಲ್ಲೆಯಲ್ಲಿಯೇ ಇದ್ದರೆ, ಕೊಡಲು ಅದರ ಬಳಿ ಸಾಕಷ್ಟು ಕಾವು ಉಳಿದಿರುವುದಿಲ್ಲ. ಆಗ ಕವಾಟವನ್ನು ಮುಟ್ಟಿದ ನೀರು ಅಲ್ಲಿಯೇ ಹಿಮವಾಗುವುದು.

ಆ ಹಿಮವು ಮೊದಲ ಹಂತದ ಸ್ಪ್ರಿಂಗಿನ ಸುರುಳಿಗಳ ನಡುವೆ ಕಟ್ಟಿಕೊಂಡರೆ ಕವಾಟವು ಮುಚ್ಚಲಾರದೆ ಒಳಗಿನ ಒತ್ತಡ ಏರುವುದು. ಏರಿದ ಒತ್ತಡವು ಬಾಯಿಯಲ್ಲಿರುವ ಕವಾಟವನ್ನು ತಳ್ಳಿ ತೆರೆಯುವುದು. ಗಾಳಿಯು ತಡೆಯಿಲ್ಲದೆ ಹರಿಯುವುದು. ಹರಿವು ಹೆಚ್ಚಿದಂತೆ ಶೈತ್ಯ ಹೆಚ್ಚಿ, ಶೈತ್ಯ ಹೆಚ್ಚಿದಂತೆ ಹಿಮ ಹೆಚ್ಚಿ, ಒಂದು ವಿಷಚಕ್ರವು ತಿರುಗತೊಡಗಿ, ಅರ್ಧ ಗಂಟೆಗೆ ಸಾಲಬೇಕಾಗಿದ್ದ ಗಾಳಿಯು ಕೆಲವೇ ನಿಮಿಷಗಳಲ್ಲಿ ಬರಿದಾಗುವುದು. ಎರಡನೆಯ ಹಂತದಲ್ಲಿ ಅಪಾಯದ ಮೂಲ ಬೇರೆ: ಬಿಟ್ಟ ಉಸಿರಿನ ತೇವವೇ ಅಲ್ಲಿನ ಸಣ್ಣ ಸನ್ನೆಯ ಮೇಲೆ ಹಿಮವಾಗಿ ನಿಂತು, ಅದು ತೆರೆದ ಸ್ಥಿತಿಯಲ್ಲಿಯೇ ಸೆಟೆದುಕೊಳ್ಳುವಂತೆ ಮಾಡುವುದು. ಆಳಕ್ಕೆ ಹೋದಂತೆ ಈ ಅಪಾಯವು ಬೆಳೆಯುವುದು. ಏಕೆಂದರೆ 30 ಮೀಟರು ಆಳದಲ್ಲಿ ಪ್ರತಿಯೊಂದು ಉಸಿರಿಗೂ ಮೇಲ್ಮೈಯಲ್ಲಿ ಬೇಕಾದುದರ ನಾಲ್ಕು ಮಡಿ ಗಾಳಿಯು ಕವಾಟವನ್ನು ದಾಟಬೇಕಾಗುವುದು.

ಇಲ್ಲಿ ಇತಿಹಾಸದ ಒಂದು ತಿರುವನ್ನು ಗಮನಿಸಬೇಕು. ಹಳೆಯ ಎರಡು ಕೊಳವೆಯ ರೆಗ್ಯುಲೇಟರಿನಲ್ಲಿ ಉಸಿರನ್ನು ತರುವ ದಾರಿ ಬೇರೆ, ಒಯ್ಯುವ ದಾರಿ ಬೇರೆ; ಆದುದರಿಂದ ಬಾಯಿಯ ತೇವವು ಕವಾಟದ ಸನ್ನೆಗಳನ್ನು ಮುಟ್ಟುತ್ತಿರಲಿಲ್ಲ. ಯು. ಎಸ್. ಡೈವರ್ಸ್ ಸಂಸ್ಥೆಯವರು 1958ರಲ್ಲಿ ಹೊರತಂದ ಅಕ್ವಾಮಾಸ್ಟರ್ ಮತ್ತು 1960ರ ದಶಕದ ರಾಯಲ್ ಅಕ್ವಾಮಾಸ್ಟರ್‌ಗಳು ಈ ಜಾತಿಯವು. ಆದರೆ 1952ರಲ್ಲಿಯೇ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ ಒಂದೇ ಕೊಳವೆಯ ರೆಗ್ಯುಲೇಟರನ್ನು ಮಾರುಕಟ್ಟೆಗೆ ತಂದಿದ್ದರು. ಅದು ಹಗುರ, ಉಸಿರಾಡಲು ಸುಲಭ, ತಯಾರಿಸಲೂ ಸುಲಭ. ಲಾಸ್ ಏಂಜಲೀಸಿನಲ್ಲಿ ಹೆಲ್ತ್‌ವೇಸ್ ಮುಂತಾದ ಸಂಸ್ಥೆಗಳು ಪೈಪೋಟಿಗೆ ಇಳಿದವು. 1963ರಲ್ಲಿ ಗುಸ್ತಾವ್ ದಲ್ಲ ವಲ್ಲೆ ಮತ್ತು ಡಿಕ್ ಬೋನಿನ್ ಸ್ಕೂಬಾಪ್ರೊ ಸಂಸ್ಥೆಯನ್ನು ಆರಂಭಿಸಿದರು. ದಶಕವೊಂದು ಕಳೆಯುವುದರೊಳಗೆ ಒಂದೇ ಕೊಳವೆಯ ರೆಗ್ಯುಲೇಟರು ಎಲ್ಲೆಡೆಯೂ ರೂಢಿಗೆ ಬಂದಿತು. 1958ರಿಂದ 1961ರವರೆಗೆ ಪ್ರಸಾರವಾದ 'ಸೀ ಹಂಟ್' ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಲಾಯ್ಡ್ ಬ್ರಿಜಸ್ ಅವರನ್ನು ಎರಡು ಕೊಳವೆಯೊಂದಿಗೆ ಕಂಡು ಮರುಳಾದ ಯುವಕರೇ, ತಾವು ಅಂಗಡಿಗೆ ಹೋದಾಗ ಒಂದು ಕೊಳವೆಯದನ್ನು ಕೊಂಡು ತಂದರು. ಲಾ ಹೋಯಾದ ನೀರಿನಲ್ಲಿ ಇದರಿಂದ ಯಾವ ಹಾನಿಯೂ ಆಗಲಿಲ್ಲ. ಆದರೆ ಪರ್ವತದ ಸರೋವರಗಳ ಹಿಮದಡಿಯಲ್ಲಿ ಹೊಸ ಸಾಧನವು ಹಳೆಯದಕ್ಕಿಂತ ಬೇಗ ಸೋತಿತು. ಹೊಸತೆಲ್ಲವೂ ಎಲ್ಲ ಕಡೆಯಲ್ಲಿಯೂ ಮೇಲಲ್ಲವೆಂಬ ಪಾಠವನ್ನು ಹಿಮವು ಕಲಿಸಿತು.

ಹಿಮದ ಅಧ್ಯಯನವು ಸ್ಯಾನ್ ಡಿಯೇಗೊವಿಗೆ ಹೊಸದೇನೂ ಆಗಿರಲಿಲ್ಲ. ಪಾಯಿಂಟ್ ಲೋಮದ ನೌಕಾ ಪ್ರಯೋಗಾಲಯದಲ್ಲಿ ವಾಲ್ಡೊ ಲಯನ್ ಎಂಬ ಭೌತವಿಜ್ಞಾನಿ, ಕರಾವಳಿ ರಕ್ಷಣೆಗೆಂದು ಕಟ್ಟಿದ್ದ ಬ್ಯಾಟರಿ ವಿಸ್ಲರ್ ಎಂಬ ಹಳೆಯ ಫಿರಂಗಿನೆಲೆಯನ್ನು ಕೊಳವಾಗಿ ಮಾರ್ಪಡಿಸಿ, ಅದರಲ್ಲಿ ಕಡಲಹಿಮವನ್ನು ಬೆಳೆಸಿ ಪರೀಕ್ಷಿಸುತ್ತಿದ್ದರು. 1947ರಲ್ಲಿ ಬೋರ್‌ಫಿಷ್ ಎಂಬ ಜಲಾಂತರ್ಗಾಮಿಯಲ್ಲಿ ಹಿಮದಡಿಗೆ ಹೋದ ಅವರು, 1958ರ ಆಗಸ್ಟಿನಲ್ಲಿ ನಾಟಿಲಸ್ ಉತ್ತರಧ್ರುವದ ಕೆಳಗೆ ಹಾದುಹೋದಾಗಲೂ ಅದರಲ್ಲಿದ್ದರು. ಇನ್ನು ಶೀತಲವಾದ ಕಡಲಾಳದಲ್ಲಿ ಮನುಷ್ಯನು ಬಾಳಿ ಕೆಲಸಮಾಡಬಲ್ಲನೇ ಎಂಬುದನ್ನು ಅರಿಯಲು, 1965ರಲ್ಲಿ ಲಾ ಹೋಯಾದ ಮುಂದೆ 205 ಅಡಿ ಆಳದಲ್ಲಿ ಸೀಲ್ಯಾಬ್ 2 ಎಂಬ ಜಲಗೃಹವನ್ನು ಇಳಿಸಲಾಯಿತು. ವ್ಯೋಮಯಾತ್ರಿಯಾಗಿದ್ದ ಸ್ಕಾಟ್ ಕಾರ್ಪೆಂಟರ್ ಅದರಲ್ಲಿ 30 ದಿನ ವಾಸಿಸಿದರು. ಅಲ್ಲಿದ್ದವರನ್ನು ಎಲ್ಲಕ್ಕಿಂತ ಹೆಚ್ಚು ಬಾಧಿಸಿದವುಗಳಲ್ಲಿ ಚಳಿಯೂ ಒಂದು. ಹೀಗೆ, ಮಂಜು ಬೀಳದ ನಗರವೊಂದು ಮಂಜಿನ ಸ್ವಭಾವವನ್ನು ಶಾಸ್ತ್ರೀಯವಾಗಿ ಅರಿಯುವ ಅಭ್ಯಾಸವನ್ನು ಬಹುಕಾಲದಿಂದ ಬೆಳೆಸಿಕೊಂಡಿತ್ತು.

ಲಿಂಬಾ 1960ರ ಮಾರ್ಚಿನಲ್ಲಿ ಫ್ರಾನ್ಸಿನ ಪೋರ್ ಮಿಯೂ ಎಂಬಲ್ಲಿನ ಜಲಗುಹೆಯಲ್ಲಿ ದಾರಿತಪ್ಪಿ ಮೃತರಾದರು. ದೇಶಕ್ಕೆ ಮುಳುಗಿನ ಸುರಕ್ಷತೆಯನ್ನು ಕಲಿಸಿದ ಗುರುವು ನೇರವಾಗಿ ಮೇಲೇರಲು ಅವಕಾಶವಿಲ್ಲದ, ತಲೆಯ ಮೇಲೆ ಸೂರಿದ್ದ ನೀರಿನಲ್ಲಿ ಪ್ರಾಣ ಬಿಟ್ಟದ್ದು ಅವರ ಶಿಷ್ಯರ ಮನಸ್ಸಿನಲ್ಲಿ ಆಳವಾಗಿ ನೆಟ್ಟಿರಬೇಕು. ಹಿಮವೂ ಅಂತಹುದೇ ಸೂರು. ಅವರ ಸ್ಥಾನಕ್ಕೆ ಬಂದು 1991ರವರೆಗೆ ಸ್ಕ್ರಿಪ್ಸ್ ಸಂಸ್ಥೆಯ ಮುಖ್ಯ ಮುಳುಗು ಅಧಿಕಾರಿಯಾಗಿದ್ದ ಜಿಮ್ ಸ್ಟೂವರ್ಟ್ ಅವರು ಅಮೆರಿಕದ ಅಂಟಾರ್ಕ್ಟಿಕ ಕಾರ್ಯಕ್ರಮದ ಮುಳುಗು ನಿಯಮಗಳಿಗೂ ಮಾರ್ಗದರ್ಶಕರಾದರು. ಪಾಲ್ ಡೇಟನ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೊ ಕೊಲ್ಲಿಯ ಹಿಮದಡಿಯಲ್ಲಿ ಮುಳುಗಿ, ನೆಲಕ್ಕೆ ಅಂಟಿ ಬೆಳೆಯುವ ಹಿಮವು ಅಲ್ಲಿನ ಜೀವಿಗಳನ್ನು ಕಿತ್ತು ಮೇಲಕ್ಕೊಯ್ಯುವ ಬಗೆಯನ್ನು ಇತರರೊಡನೆ ಕೂಡಿ 1969ರಲ್ಲಿ ಪ್ರಕಟಿಸಿದರು. ಅವರೂ ಬಳಿಕ ಸ್ಕ್ರಿಪ್ಸ್ ಸಂಸ್ಥೆಯವರಾದರು. ಮೆಕ್‌ಮರ್ಡೊದಲ್ಲಿ ಹಳೆಯ ಎರಡು ಕೊಳವೆಯ ರಾಯಲ್ ಅಕ್ವಾಮಾಸ್ಟರುಗಳೇ, ಮಾರುಕಟ್ಟೆಯಿಂದ ಮರೆಯಾದ ಬಹುಕಾಲದ ಮೇಲೂ, ಹಿಮದ ಕಾರಣದಿಂದಾಗಿ ಬಳಕೆಯಲ್ಲಿ ಉಳಿದವು.

1991ರ ಮೇ ತಿಂಗಳಲ್ಲಿ ಲಾ ಹೋಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿಯೇ ಧ್ರುವಪ್ರದೇಶದ ಮುಳುಗುಗಾರರ ಕಮ್ಮಟವೊಂದು ನಡೆಯಿತು. ಮೈಕೇಲ್ ಲ್ಯಾಂಗ್ ಮತ್ತು ಸ್ಟೂವರ್ಟ್ ಅದರ ನಡಾವಳಿಯನ್ನು ಸಂಪಾದಿಸಿ ಮರುವರ್ಷ ಪ್ರಕಟಿಸಿದರು. ಆ ಸುಮಾರಿನಿಂದ ಅಮೆರಿಕದ ಅಂಟಾರ್ಕ್ಟಿಕ ಕಾರ್ಯಕ್ರಮದಲ್ಲಿ ಷೆರ್ವುಡ್ ಮ್ಯಾಕ್ಸಿಮಸ್ ಎಂಬ ಒಂದು ಕೊಳವೆಯ ರೆಗ್ಯುಲೇಟರು ರೂಢಿಗೆ ಬಂದಿತು. ಅದರ ಮೊದಲ ಹಂತದಿಂದ ಅತ್ಯಲ್ಪವಾದ ಗಾಳಿ ಸದಾ ಹೊರಕ್ಕೆ ಜಿನುಗುತ್ತಿದ್ದು ನೀರನ್ನು ಒಳಗೆ ಬರಗೊಡದು; ಬಾಯಿಯ ಹಂತದಲ್ಲಿ ಕಾವನ್ನು ಹಿಡಿದಿಡುವ ಲೋಹದ ಫಲಕವಿದೆ. ಮುಂದೆ ಮೆಕ್‌ಮರ್ಡೊದ ಬಳಿ 17 ಮಾದರಿಗಳ 69 ರೆಗ್ಯುಲೇಟರುಗಳನ್ನು 305 ಮುಳುಗುಗಳಲ್ಲಿ ಪರೀಕ್ಷಿಸಿದಾಗ, ತೃಪ್ತಿಕರವೆಂದು ಉತ್ತೀರ್ಣವಾದವು ಏಳು ಮಾದರಿಗಳು ಮಾತ್ರ. ಲ್ಯಾಂಗ್ ಮತ್ತು ಜಾನ್ ಕ್ಲಾರ್ಕ್ ಅವರ ಈ ವರದಿ 2017ರಲ್ಲಿ ಪ್ರಕಟವಾಯಿತು. ಈ ಸಂಖ್ಯೆಗಳನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಪರೀಕ್ಷೆಗೆ ಬಂದವೆಲ್ಲವೂ ಮಾರುಕಟ್ಟೆಯ ಸಾಧನಗಳೇ. ಆದರೂ ಅರ್ಧಕ್ಕಿಂತ ಹೆಚ್ಚಿನ ಮಾದರಿಗಳು ನಿಜವಾದ ಹಿಮದ ಮುಂದೆ ನಿಲ್ಲಲಿಲ್ಲ. ಆದುದರಿಂದ ಸಾಧನದ ಯೋಗ್ಯತೆಯನ್ನು ಹೇಳಬೇಕಾದುದು ಹಿಮವೇ ಹೊರತು ಅಂಗಡಿಯ ಪಟ್ಟಿಯಲ್ಲ.

ಈ ಚರಿತ್ರೆಯಿಂದ ಆಯ್ಕೆಯ ಕೆಲವು ಸೂತ್ರಗಳು ತಾವಾಗಿಯೇ ಹೊರಬೀಳುತ್ತವೆ. ಮೊದಲ ಹಂತದ ಯಾಂತ್ರಿಕ ಭಾಗಗಳಿಗೆ ನೀರು ತಾಗದಂತೆ ಪೊರೆಯಿಂದಲೋ, ಹೆಪ್ಪುಗಟ್ಟದ ದ್ರವದಿಂದಲೋ, ಜಿನುಗುವ ಒಣ ಗಾಳಿಯಿಂದಲೋ ರಕ್ಷಣೆ ಇರಬೇಕು. ಸ್ಪ್ರಿಂಗನ್ನು ನೀರಿಗೆ ತೆರೆದಿಟ್ಟ ಸಾದಾ ಪಿಸ್ಟನ್ ರಚನೆಯು ಬೆಚ್ಚಗಿನ ಕಡಲಿನಲ್ಲಿ ಎಷ್ಟೇ ಉತ್ತಮವಾಗಿದ್ದರೂ ಹಿಮಕ್ಕೆ ತಕ್ಕುದಲ್ಲ. ಬಾಯಿಯ ಹಂತದಲ್ಲಿ ಲೋಹದ ಭಾಗಗಳು ಹೆಚ್ಚಾಗಿರುವುದು ಒಳಿತು. ಏಕೆಂದರೆ ಒಳಗಿನ ಗಾಳಿಯ ಶೈತ್ಯದ ಮುಂದೆ ಹೊರಗಿನ ನೀರೇ ಬೆಚ್ಚಗಿನ ವಸ್ತು, ಆ ಕಾವನ್ನು ಒಳಕ್ಕೆ ತರಬಲ್ಲುದು ಲೋಹ, ತಡೆಯುವುದು ಪ್ಲಾಸ್ಟಿಕ್. ಯೂರೋಪಿನ ಇಎನ್ 250 ಎಂಬ ಮಾನಕದಂತೆ 10 ಡಿಗ್ರಿಗಿಂತ ತಣ್ಣಗಿನ ನೀರಿಗೆಂದು ಮಾರುವ ಸಾಧನವನ್ನು 4 ಡಿಗ್ರಿಯ ನೀರಿನಲ್ಲಿ ಪರೀಕ್ಷಿಸಿರಬೇಕು. ಇದು ಕನಿಷ್ಠ ಯೋಗ್ಯತೆಯೇ ಹೊರತು ಹಿಮದಡಿಯ ಅಭಯಪತ್ರವಲ್ಲ. ಸಿಲಿಂಡರಿಗೆ ತುಂಬುವ ಗಾಳಿಯು ಸಂಪೂರ್ಣವಾಗಿ ಒಣಗಿರಬೇಕು. ತೇವದ ಗಾಳಿಯು ಅತ್ಯುತ್ತಮ ರೆಗ್ಯುಲೇಟರನ್ನೂ ಕೆಡಿಸುವುದು.

ಸಾಧನವೊಂದೇ ಸಾಲದು, ಅದನ್ನು ಬಳಸುವ ಕ್ರಮವೂ ಆಯ್ಕೆಯ ಒಂದು ಭಾಗವೇ. ಹಿಮದ ಮೇಲಿನ ಕೊರೆಯುವ ಗಾಳಿಯಲ್ಲಿ ನಿಂತು ರೆಗ್ಯುಲೇಟರಿನಿಂದ ಉಸಿರಾಡಬಾರದು. ಬಾಯಿ ನೀರಿನೊಳಗೆ ಹೋದ ಬಳಿಕವೇ ಮೊದಲ ಉಸಿರು. ಗಾಳಿಯನ್ನು ಬಿಡುವ ಗುಂಡಿಯನ್ನು ಸುಮ್ಮನೆ ಒತ್ತಬಾರದು. ಉಸಿರೆಳೆಯುತ್ತಿರುವಾಗಲೇ, ನೀರನ್ನು ಒಳಗೆ ಬಿಡದ ಒಣ ಉಡುಪಿಗೆ ಗಾಳಿ ತುಂಬಬಾರದು, ಏಕೆಂದರೆ ಎರಡೂ ಸೇರಿ ಹರಿವನ್ನು ಹೆಚ್ಚಿಸುವುವು. ಒಂದೇ ಸಿಲಿಂಡರಿನ ಕೊರಳಿನಲ್ಲಿ, ಪ್ರತ್ಯೇಕವಾಗಿ ಮುಚ್ಚಬಲ್ಲ ಎರಡು ಕವಾಟಗಳಿಗೆ ಎರಡು ಸ್ವತಂತ್ರ ರೆಗ್ಯುಲೇಟರುಗಳು ಇರಬೇಕು. ಒಂದು ಹೆಪ್ಪುಗಟ್ಟಿ ಸುರಿಯತೊಡಗಿದರೆ ಅದನ್ನು ಮುಚ್ಚಿ ಇನ್ನೊಂದನ್ನು ಬಾಯಿಗಿಟ್ಟು, ಇಳಿಯಲು ಹಿಮದಲ್ಲಿ ಕೊರೆದ ರಂಧ್ರಕ್ಕೆ ಮರಳುವ ಅಭ್ಯಾಸವು ಕೈಗೆ ಬಂದಿರಬೇಕು. ಲಾಸ್ ಏಂಜಲೀಸಿನ ಪೂರ್ವಕ್ಕೆ, ಸ್ಯಾನ್ ಬರ್ನಾರ್ಡಿನೊ ಪರ್ವತಗಳಲ್ಲಿ 2,000 ಮೀಟರಿಗಿಂತ ಎತ್ತರದಲ್ಲಿರುವ ಬಿಗ್ ಬೇರ್ ಸರೋವರವು ಚಳಿಗಾಲದಲ್ಲಿ ಅಂಚುಗಳಲ್ಲಿ ಹೆಪ್ಪುಗಟ್ಟುವುದು. ಉತ್ತರದ ಸಿಯೆರಾ ನೆವಾಡ ಶ್ರೇಣಿಯ ಸರೋವರಗಳು ಇನ್ನೂ ಗಟ್ಟಿಯಾಗಿ ಹೆಪ್ಪುಗಟ್ಟುವುವು. ಬೆಳಗ್ಗೆ ಬಿಸಿಲಿನ ತೀರದಲ್ಲಿದ್ದವನು ಅದೇ ದಿನ ಹಿಮದ ಮೇಲೆ ನಿಲ್ಲಬಹುದಾದ ಆ ಪ್ರಾಂತದಲ್ಲಿ, ಕಡಲಿಗೆ ಕೊಂಡ ಸಾಧನವನ್ನೇ ಸರೋವರಕ್ಕೂ ಒಯ್ಯುವ ಆಶೆ ಸಹಜ. ಆ ಆಶೆಯನ್ನು ತಡೆಯುವುದೇ ಈ ವಿದ್ಯೆಯ ಮೊದಲ ಪಾಠ.

ಇಂದು ಯು. ಎಸ್. ಡೈವರ್ಸ್ ಪರಂಪರೆಯ ಸಂಸ್ಥೆಯೂ ಸ್ಕೂಬಾಪ್ರೊ ಸಂಸ್ಥೆಯೂ ಲಾಸ್ ಏಂಜಲೀಸಿನ ಸುತ್ತಿನಿಂದ ಹೊರಟು ಸ್ಯಾನ್ ಡಿಯೇಗೊ ಕೌಂಟಿಯ ವಿಸ್ಟ, ಎಲ್ ಕಾಹೋನ್‌ಗಳ ಕಡೆಗೆ ನೆಲೆ ಬದಲಿಸಿದ ಚರಿತ್ರೆಯುಳ್ಳವು. ವ್ಯಾಪಾರವು ಬೆಳೆದಿದೆ, ಮಾದರಿಗಳು ನೂರಾಗಿವೆ, ಎಲ್ಲವೂ ಚಳಿಗೆ ತಕ್ಕವೆಂದು ಹೇಳಿಕೊಳ್ಳುತ್ತವೆ. ಆ ಎರಡು ನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಶಾಲಾಕಾಲೇಜುಗಳಲ್ಲಿ ಈ ವಿದ್ಯೆಯ ಕಡೆಗೆ ಒಲಿಯಬಹುದು. ನೇತ್ರಾಣಿಯಲ್ಲಿ ಕಲಿತ ನಮ್ಮ ತರುಣರು ಲಡಾಖಿನ ಸರೋವರಗಳನ್ನೋ ಅಂಟಾರ್ಕ್ಟಿಕದ ಭಾರತೀಯ ಕೇಂದ್ರವನ್ನೋ ಕುರಿತು ಕನಸು ಕಾಣಬಹುದು. ಅಂತಹವರಿಗೆ ಹೇಳತಕ್ಕದ್ದು ಇಷ್ಟೆ: ಸಾಧನವನ್ನು ಕೊಳ್ಳುವ ಮೊದಲು ಇಳಿಯಬೇಕೆಂದಿರುವ ನೀರು ಯಾವುದೆಂದು ನಿಶ್ಚಯಿಸಿ, ಆ ನೀರಿನಲ್ಲಿ ಪರೀಕ್ಷಿಸಿದವರ ಬರಹವನ್ನು ಓದಿ, ವರ್ಷಕ್ಕೊಮ್ಮೆ ಬಲ್ಲವರ ಕೈಯಲ್ಲಿ ಬಿಚ್ಚಿಸಿ ಶುದ್ಧಮಾಡಿಸಿ, ಎಲ್ಲಕ್ಕೂ ಮೊದಲು, ಹಿಮದಡಿಯಲ್ಲಿ ಇಳಿದು ಬಲ್ಲ ಗುರುವೊಬ್ಬನ ಬಳಿ ಕಲಿಯಿರಿ. ಒಳ್ಳೆಯ ರೆಗ್ಯುಲೇಟರನ್ನು ಹಣವು ತಂದುಕೊಡುವುದು. ಅದು ಸುರಿಯತೊಡಗಿದ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಶಿಕ್ಷಣವಲ್ಲದೆ ಬೇರೆ ಯಾವುದೂ ಕೊಡಲಾರದು.